ಎರಡು ಹುಣಸೆಬೀಜ

ನನ್ನ ದೊಡ್ಡ ಮಗಳನ್ನು ನನ್ನ ತಮ್ಮನಿಗೇ ಕೊಟ್ಟೆ. ಯಾರೂ ಬಲವಂತ ಮಾಡಲಿಲ್ಲ, ನಾನೇ ಹಟ ಹಿಡಿದೆ. ನಾನು ಬಾಳುತ್ತಿರುವುದು ನಂಜನಗೂಡಿನ ಕಡೆ ದೇವನೂರಿನಲ್ಲಿ, ತವರು ನರಸೀಪುರ. ಮಗಳು ಅಲ್ಲಿದ್ದರೆ ನನಗೆ ತವರಿಗೆ ಹೋಗಿ ಬರಲು ನೆಪ, ಅವಳಿಗೆ ಅತ್ತೆಯ ಕಾಟವಿಲ್ಲ. ಅತ್ತೆ ಅಂದರೆ ನಮ್ಮವ್ವ ತಾನೆ! ಸೋದರಮಾವ ಇದ್ದೂ ಹೊರಗೆ ಗಂಡು ಹುಡುಕಿದರೆ, ಹುಡುಗಿಯಲ್ಲೇ ಏನೋ ಐಬಿದೆ ಅಂತ ನಮ್ಮ ಕಡೆ ಆಡಿಕೊಳ್ಳುತ್ತಿದ್ದರು.

ಅವಳಿಗೆ ಮೊದಲನೆಯದು ಹೆಣ್ಣು ಕೂಸು. ದುಂಡಗೆ ಚೆನ್ನಾಗಿತ್ತು. ಅದಕ್ಕೆ ಎಂಟು ತಿಂಗಳಾದಾಗ ಒಂದು ದಿನ ನನ್ನ ಕೈಯಿಂದ ಹಿತ್ತಾಳೆ ತಟ್ಟೆ ಜಾರಿ ಅದರ ಬೆನ್ನ ಹಿಂದೆ ಬಿತ್ತು. ಪಕ್ಕದ ಮನೆ ನಾಯಿ ಬೊಗಳಿತು, ಕೂಸು ತಿರುಗಿಯೂ ನೋಡಲಿಲ್ಲ. ಬೇಕಂತಲೇ ಇನ್ನೊಂದು ಸಲ ಬೀಳಿಸಿದೆ. ಊಹೂಂ. ಮೈಸೂರಿನಲ್ಲಿ ಪರೀಕ್ಷೆ ಮಾಡಿ, ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ ಅಂದರು.

ನಮ್ಮವ್ವ ಗ್ರಹಣವೇ ಕಾರಣ ಅಂತ ಆಗಲೇ ಕಂಡುಹಿಡಿದಿದ್ದಳು. "ಗ್ರಾಣ ಇಡ್ದಾಗ ನಿನ್ ಮಗ್ಳು ಬದ್ನೆಕಾಯಿ ಕುಯ್ದ್ಲು ಕಣೆ. ಬ್ಯಾಡ ಬ್ಯಾಡ ಅಂತ ಬಡ್ಕೊಂಡೆ."

"ಇವ್ಳು ನನ್ನೊಟ್ಟೇಲಿದ್ದಾಗ ನಾನು ಗ್ರಾಣದಲ್ಲೇ ಒಂದ್ ಒರೆ ಉಲ್ಲು ಕುಯ್ದಿದ್ದೆ. ಇವ್ಳಿಗೇನಾಯ್ತವ್ವ?"

"ನಿಂಗೆ ಬಾಯಿ ಜಾಸ್ತಿ."

ಬಾಯಿ ಜಾಸ್ತಿ ಇದ್ದುದರಿಂದಲೇ ಕೇಳಿಕೊಂಡು ತಿರುಗಿದೆ. ಬಸ್ಸಿನಲ್ಲಿ, ನಲ್ಲಿಯ ಹತ್ತಿರ, ಮಕ್ಕಳ ತಾಯಂದಿರು ಸಿಕ್ಕಿದರೆ ಸಾಕು: ಗ್ರಹಣದಲ್ಲಿ ಏನು ಕುಯ್ದೆ, ಮಗು ಹೆಂಗಿದೆ? ಈರುಳ್ಳಿ ಹೆಚ್ಚಿದವಳ ಮಗ ಶಾಲೆಯಲ್ಲಿ ಓಟಕ್ಕೆ ಮೊದಲು. ಕತ್ತಲೆ ಕೋಣೆಯಲ್ಲಿ ಕದಲದೆ ಮಲಗಿದ್ದವಳ ಮಗುವಿಗೆ ತುಟಿ ಸೀಳಿತ್ತು. ಅವ್ವನ ಮಾತು ಎಲ್ಲೂ ಕೂಡಿಬರಲಿಲ್ಲ.

ಮೂರು ವರ್ಷಕ್ಕೆ ಮಗಳು ಮತ್ತೆ ಬಸುರಾದಳು. ನಾಲ್ಕು ತಿಂಗಳು ತುಂಬುವವರೆಗೂ ಯಾರಿಗೂ ಹೇಳದೆ ಸೆರಗು ಹೊದ್ದುಕೊಂಡೇ ಓಡಾಡಿದ್ದಳು. ನನಗೆ ಗೊತ್ತಾದ ದಿನ ಒಂದೇ ಮಾತು ಕೇಳಿದಳು: "ಇದೂ ಅಂಗೇ ಆದ್ರೆ ಅವ್ವ?"

ಅವಳನ್ನು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಸ್ಕ್ಯಾನಿಂಗ್ ಮಾಡಿದ ಡಾಕ್ಟ್ರಮ್ಮ ಟೀವಿಯಂಥದ್ದರಲ್ಲಿ ಬೆನ್ನುಮೂಳೆ, ಎದೆಗೂಡು ಎಲ್ಲಾ ತೋರಿಸಿದರು. "ಕಿವಿ ಎಲ್ಲಿ ತಾಯಿ?" ಅಂದೆ.

"ಕಿವಿ ಕಾಣುತ್ತೆ ಅಜ್ಜಿ. ಕೇಳೋದು ಕಾಣಲ್ಲ."

ಆಮೇಲೆ ಒಂದು ಹಾಳೆ ತೆಗೆದು ನಮ್ಮ ವಂಶ ಬರೆಯತೊಡಗಿದರು. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ. ನಾನು ಓದಿದ್ದು ಮೂರನೇ ಕ್ಲಾಸು, ಆದರೆ ರಂಗೋಲಿ ಹಾಕುವವಳಿಗೆ ಗೆರೆ ತಿಳಿಯದೇ? ಬಗ್ಗಿ ನೋಡುತ್ತಾ ಕೂತೆ. ಮನೆಯಲ್ಲಿ ಇನ್ನು ಯಾರಿಗಾದರೂ ಕಿವಿ ಕೇಳುವುದಿಲ್ಲವಾ ಅಂತ ಕೇಳಿದರು. ಇಲ್ಲ ಅಂದವಳಿಗೆ ಅವ್ವನ ಅಣ್ಣ ನೆನಪಾದ. ಅವನನ್ನು ಮೂಗಮಾವ ಅಂತಲೇ ಕರೆಯುತ್ತಿದ್ದೆವು. ಜ್ವರದಲ್ಲಿ ಕಿವಿ ಹೋಯಿತು ಅಂತ ಅವ್ವ ಹೇಳುತ್ತಿದ್ದಳು. ಡಾಕ್ಟ್ರಮ್ಮ ಅವನ ಚೌಕಕ್ಕೆ ಮಸಿ ತುಂಬಿದರು. ಅವ್ವನ ಸೊನ್ನೆಯಿಂದ ಒಂದು ಗೆರೆ ನನ್ನ ತಮ್ಮನಿಗೆ ಇಳಿಯಿತು. ಇನ್ನೊಂದು ನನ್ನನ್ನು ಹಾದು ಮಗಳಿಗೆ. ಎರಡು ಗೆರೆಯೂ ಕೊನೆಯಲ್ಲಿ ಕೂಡಿದವು. ಕೂಡಿಸಿದವಳು ನಾನು.

"ಕಿವಿ ಕೇಳೋ ಗುಣ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತೆ. ಗಂಡ ಹೆಂಡತಿ ಇಬ್ಬರಲ್ಲೂ ಒಂದು ಸರಿಯಾದದ್ದು, ಒಂದು ಕೆಟ್ಟದ್ದು ಇರೋ ಹಂಗಿದೆ. ಒಂದು ಕೆಟ್ಟಿದ್ರೆ ಏನೂ ಗೊತ್ತಾಗಲ್ಲ. ಮಗೂಗೆ ಇಬ್ಬರಿಂದಲೂ ಕೆಟ್ಟದ್ದೇ ಬಂದ್ರೆ ಕಿವಿ ಕೇಳಲ್ಲ. ನಾಲ್ಕರಲ್ಲಿ ಒಂದು," ಅಂದರು. ಬದನೆಕಾಯಿಯ ವಿಚಾರ ಕೇಳಿದೆ. ನಕ್ಕರು.

ನರಸೀಪುರಕ್ಕೆ ಬಂದು ಹೇಳಿದರೆ ಅವ್ವ ಥಟ್ಟನೆ ಬೆರಳು ಮಡಿಸಿದಳು. "ನಾಕ್ರಲ್ಲಿ ಒಂದ್ ಆಗೋಯ್ತಲ್ಲ, ಬುಡು. ಇನ್ ಮೂರು ಚೆಂದಾಗೇ ಉಟ್ತವೆ."

ಹೌದಲ್ಲ ಅಂತ ನನಗೂ ಅನ್ನಿಸಿತು. ಆದರೂ ನೋಡೇಬಿಡೋಣ ಅಂತ ಚೌಕಾಬಾರದ ಹುಣಸೆಬೀಜ ಎರಡು ತಂದೆ. ಆಟಕ್ಕೆ ಅಂತ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ್ದೆವು. ಒಂದು ಬೀಜ ಅಪ್ಪ, ಒಂದು ಅಮ್ಮ. ಬಿಳಿ ಮಗ್ಗುಲು ಕೆಟ್ಟದ್ದು. ಜಗಲಿಯ ಮೇಲೆ ಎಸೆದೆ. ಒಂದು ಕರಿ, ಒಂದು ಬಿಳಿ. ಮತ್ತೆ ಎಸೆದೆ, ಎರಡೂ ಬಿಳಿ. ಇನ್ನು ಮೂರು ಕ್ಷೇಮ ಅಂದುಕೊಂಡು ಎಸೆದರೆ ಮತ್ತೆ ಎರಡೂ ಬಿಳಿ! ಹೋದ ಸಲ ಹೆಂಗೆ ಬಿದ್ದೆ ಅನ್ನೋದು ಬೀಜಕ್ಕೆ ನೆನಪಿರಲ್ಲ. ಕಂಬಕ್ಕೆ ಒರಗಿ ನೋಡುತ್ತಿದ್ದ ಮಗಳು ಒಳಗೆ ಹೋದಳು. ನಾನು ಎಸೆಯಬಾರದಿತ್ತೋ ಏನೋ.

ಎರಡನೆಯದೂ ಹೆಣ್ಣೇ ಹುಟ್ಟಿತು. ಒಂದು ತಿಂಗಳು ತಡೆದು ಅದೇ ಹಿತ್ತಾಳೆ ತಟ್ಟೆ ತೆಗೆದೆ. ಮಗಳು ಗೋಡೆ ಕಡೆ ಮುಖ ಮಾಡಿಕೊಂಡಳು. ತಟ್ಟೆ ಬಿಟ್ಟೆ. ಚಾಪೆಯ ಮೇಲಿದ್ದ ಕೂಸು ಎರಡು ಕೈ ಮೇಲೆತ್ತಿ ಬೆಚ್ಚಿ ಕಿಟಾರನೆ ಕಿರುಚಿತು. ಮಗಳು ತಿರುಗಿ ಬಂದು ಕೂಸಿನ ಪಕ್ಕ ಕೂತಳು. ದೊಡ್ಡ ಹುಡುಗಿ ಓಡಿ ಬಂದು ತಂಗಿಯನ್ನು ನೋಡಿದಳು, ತಟ್ಟೆ ಬೋರಲು ಮಾಡಿ ಅಡಿಯಲ್ಲಿ ಏನಿದೆ ಅಂತ ನೋಡಿದಳು. ಏನೂ ಕಾಣಲಿಲ್ಲ. ತಾನೂ ಎತ್ತಿ ಹಾಕಿದಳು. ಕೂಸು ಮತ್ತೆ ಬೆಚ್ಚಿದ್ದು ಕಂಡು ಗೊಳ್ಳನೆ ನಕ್ಕಳು.

"ನಾ ಏಳ್ಲಿಲ್ವಾ?" ಅಂದಳು ಅವ್ವ. "ಇನ್ನೊಂದು ಗಂಡಾಗ್ಲಿ."

ಮಗಳು ಎದ್ದು ಗೂಡಿನಲ್ಲಿದ್ದ ಆ ಎರಡು ಬೀಜ ತಂದು ಅಜ್ಜಿಯ ಅಂಗೈಗೆ ಹಾಕಿದಳು. "ನೀನೇ ಎಸಿ, ಅಜ್ಜಿ."

ಅವ್ವ ಮುಷ್ಟಿ ಮಡಿಸಿಕೊಂಡಳು. ಎಸೆಯಲಿಲ್ಲ. ಎಲೆಅಡಿಕೆ ಚೀಲದೊಳಕ್ಕೆ ಹಾಕಿ ದಾರ ಎಳೆದುಕೊಂಡಳು.