ಡಾಕ್ಟರು ಬಿಡಿಸಿ ಹೇಳಿದ ಫಾಲ್ಸ್ ಪಾಸಿಟಿವ್

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದಾಗ ನಾನು ಅಲ್ಲಿನ ಒಂದು ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುತ್ತಿದ್ದೆ. ನೆಲ್ಯಹುದಿಕೇರಿ ಕಡೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರೊಬ್ಬರು ಮಲೇರಿಯಾ ಹಿಡಿದು ಬಂದರು. ಜ್ವರವೆಂದು ಬಂದವರಿಗೂ ಪರಂಗಿ ರೋಗದ, ಅಂದರೆ ಸಿಫಿಲಿಸ್ಸಿನ, ಪರೀಕ್ಷೆ ಮಾಡಿಸುವ ಹುಮ್ಮಸ್ಸು ನಮ್ಮ ಡಾಕ್ಟರಿಗೆ. ಪಾಸಿಟಿವ್ ಬಂತು. ಕಂಡಕಂಡ ಹೆಂಗಸರ ಸಹವಾಸದಿಂದ ಬರುವ ಕಾಯಿಲೆ ಇದು ಎಂದು ಹೆಂಡತಿಯ ಎದುರೇ ಹೇಳಿಬಿಟ್ಟರು. ಆಕೆ ಅವತ್ತೇ ಕೊಡ್ಲಿಪೇಟೆಯ ತವರಿಗೆ ಹೊರಟುಹೋದರು.

ಜ್ವರ ವಾಸಿಯಾದ ಮೇಲೆ ಮತ್ತೆ ಪರೀಕ್ಷಿಸಿದರೆ ನೆಗೆಟಿವ್! ರೈಟರು ಕಾಡಿಬೇಡಿ ಹೆಂಡತಿಯನ್ನು ಕರೆತಂದು ಡಾಕ್ಟರ ಮುಂದೆ ಕೂರಿಸಿದರು.

"ಮಲೇರಿಯಾ ಇದ್ದರೆ ಈ ಪರೀಕ್ಷೆ ಒಮ್ಮೊಮ್ಮೆ ತಪ್ಪುತ್ತದಮ್ಮ. ರೋಗ ಇಲ್ಲದವರಿಗೂ ಇದೆ ಅಂತ ತೋರಿಸುತ್ತೆ. ಅದಕ್ಕೆ ಫಾಲ್ಸ್ ಪಾಸಿಟಿವ್ ಅಂತಾರೆ," ಎಂದರು ಡಾಕ್ಟರು. ಹೆಸರಿಟ್ಟ ಮೇಲೆ ಅದು ತಪ್ಪೇ ಅಲ್ಲ ಎನ್ನುವಂತಿತ್ತು ಅವರ ಧಾಟಿ.

ರೈಟರ ಮುಖ ಅರಳಿತು. ಆದರೆ ಹೆಂಡತಿ ಎದ್ದೇಳಲಿಲ್ಲ.

"ಹಂಗಾದ್ರೆ ರೋಗ ಇರೋರಿಗೆ ಇಲ್ಲ ಅಂತಲೂ ತೋರಿಸ್ತದಾ ಡಾಕ್ಟ್ರೇ?"

"ಭೇಷ್! ಅದೇ ಫಾಲ್ಸ್ ನೆಗೆಟಿವ್!" ಒಳ್ಳೆಯ ಶಿಷ್ಯೆ ಸಿಕ್ಕಳೆಂದು ಡಾಕ್ಟರು ಹಿಗ್ಗಿದರು.

"ಮತ್ತೆ ಇವರಿಗೆ ಈಗ ಬಂದಿರೋದು ಯಾವ್ದು?"

"ನೂರಕ್ಕೆ ನೂರು ಹೇಳೋಕಾಗಲ್ಲಮ್ಮ. ವಿಜ್ಞಾನದಲ್ಲಿ ಸಂಭವ ಅಂತ ಒಂದಿರುತ್ತೆ..."

"ಸಾಕು ಮಾಡಿ ಸ್ವಾಮಿ," ಎಂದು ರೈಟರು ಕೈಮುಗಿದರು.

ಇಬ್ಬರೂ ಒಂದೇ ಬಸ್ಸು ಹತ್ತಿದರು, ಆಕೆ ಮುಂದಿನ ಸೀಟಿಗೆ, ಈತ ಕೊನೆಯ ಸೀಟಿಗೆ. ಜನರಿಗೆ ಎಲ್ಲವನ್ನೂ ಬಿಡಿಸಿ ಹೇಳಿದರೆ ಸಂಸಾರಗಳು ಉಳಿಯುತ್ತವೆ ನೋಡಿ ಎಂದು ನನಗೆ ಬುದ್ಧಿ ಹೇಳಿ, ಡಾಕ್ಟರು ನೆಮ್ಮದಿಯಾಗಿ ಊಟಕ್ಕೆ ಹೋದರು.