ಹಳದಿ ಸಾಲಿನಲ್ಲೊಂದು ಕೆಂಪು ಬಾಟಲಿ

ಬೆಳೆಗಾರರ ಸಹಕಾರ ಸಂಘದ ಗೇಟಿನಲ್ಲಿ ಡೀಸೆಲ್ ತಪಾಸಣೆ ಮಾಡುವಾಕೆಯನ್ನು ಎಲ್ಲರೂ ಬಾಟಲಕ್ಕ ಎಂದೇ ಕರೆಯುತ್ತಾರೆ. ಹೊಲ ಉಳುವ ಟ್ರ್ಯಾಕ್ಟರಿನ ಡೀಸೆಲ್‌ಗೆ ಸರ್ಕಾರ ತೆರಿಗೆ ಹಾಕುವುದಿಲ್ಲ; ಗುರುತಿಗೆಂದು ಅದಕ್ಕೆ ಕೆಂಪು ಬಣ್ಣ ಬೆರೆಸಿರುತ್ತಾರೆ. ಕಾಳು ಸಾಗಿಸುವ ಲಾರಿಗಳಿಗೆ ತೆರಿಗೆ ಕಟ್ಟಿದ ಹಳದಿ ಡೀಸೆಲ್ಲೇ ಆಗಬೇಕು. ಬಾಟಲಕ್ಕ ಪ್ರತಿ ಲಾರಿಯ ಟ್ಯಾಂಕಿಗೂ ರಬ್ಬರ್ ನಳಿಗೆ ಇಳಿಸಿ, ಹೆಬ್ಬೆರಳುದ್ದದ ಬಾಟಲಿಗೆ ಒಂದಿಷ್ಟು ಎಳೆದು, ತಾರೀಕು, ಗಾಡಿಯ ನಂಬರು ಬರೆದ ಚೀಟಿ ಅಂಟಿಸುತ್ತಾಳೆ. ತಿಂಗಳಿಟ್ಟು ಚೆಲ್ಲಬೇಕೆಂಬುದು ನಿಯಮ. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಹನ್ನೊಂದು ವರ್ಷದ ಬಾಟಲಿಗಳು ಹಿಂದಿನ ಕೋಣೆಯಲ್ಲಿ, ಬಿಸಿಲಿಗೆ ಬಣ್ಣ ಮಾಸದಂತೆ ಕಪ್ಪು ಪರದೆಯ ಹಿಂದೆ ಕೂತಿದ್ದವು.

"ಏನಕ್ಕಾ, ಅತ್ತರಿನಂಗಡಿ ಇಡ್ತೀಯಾ?" ಎಂದು ಗೇಟಿನಲ್ಲಿ ಲಾರಿ ತೂಗುವವನು ಛೇಡಿಸುತ್ತಿದ್ದ.

"ಇಡ್ತೀನಿ. ಮೊದಲ ಬಾಟ್ಲಿ ನಿನಗೇ ಹಚ್ತೀನಿ."

ಆ ವರ್ಷ ಬೇರೊಂದು ದೇಶ ಅಂತರರಾಷ್ಟ್ರೀಯ ವ್ಯಾಪಾರ ನಿಯಮಗಳ ಪ್ರಕಾರ ದೂರು ಕೊಟ್ಟಿತು: ರೈತರಿಗೆಂದು ತೆರಿಗೆ ಬಿಟ್ಟ ಡೀಸೆಲ್ ಲಾರಿಗಳಿಗೂ ಸೋರಿಹೋಗಿ, ಇಲ್ಲಿನ ಕಾಳು ಅನ್ಯಾಯವಾಗಿ ಅಗ್ಗವಾಗುತ್ತಿದೆ ಎಂದು. ರುಜುವಾತಾದರೆ ನಾನ್ನೂರು ಟ್ರ್ಯಾಕ್ಟರುಗಳ ರಿಯಾಯಿತಿಯೇ ರದ್ದು.

ದೂರಿನ ವಿಚಾರಣೆಗೆ ವಿದೇಶದಿಂದ ಬಿಳಿಗೂದಲಿನ ಅಧಿಕಾರಿಣಿಯೊಬ್ಬರು ದುಭಾಷಿಯ ಜೊತೆ ಬಂದರು. ಸಂಘದ ಕಾರ್ಯದರ್ಶಿ ಕಡತಗಳನ್ನು ಗುಡ್ಡೆ ಹಾಕಿದ.

"ಕಾಗದ ಯಾರು ಬೇಕಾದ್ರೂ ಬರೀಬಹುದು ಅಂತಿದಾರೆ" ಎಂದ ದುಭಾಷಿ.

ಬಾಟಲಕ್ಕ ಎದ್ದುಹೋಗಿ, ಹಿಂದಿನ ಕೋಣೆಯ ಪರದೆ ಸರಿಸಿದಳು.

ಕಿಟಕಿಯ ಬೆಳಕು ಒಳನುಗ್ಗಿತು. ನೆಲದಿಂದ ಸೂರಿನವರೆಗೆ ಸಾವಿರಾರು ಬಾಟಲಿಗಳು ಒಮ್ಮೆಲೇ ಹೊತ್ತಿಕೊಂಡಂತೆ ಹೊಳೆದವು. ಗೋಡೆಗೆ ಗೋಡೆಯೇ ಹಳದಿ. ಹನ್ನೊಂದು ವರ್ಷವೂ ಒಂದೊಂದೇ ಇಟ್ಟವಳಿಗೆ ಅದು ಇಷ್ಟಾಗಿದೆಯೆಂದು ಆಗಲೇ ಕಂಡದ್ದು. ದೇಶದೇಶಗಳ ಜಗಳ ತನ್ನ ಹೆಬ್ಬೆರಳುದ್ದದ ಬಾಟಲಿಗಳ ಮುಂದೆ ಬಂದು ನಿಂತಿದೆಯಲ್ಲ ಎಂದು ಮೈ ಜುಮ್ಮೆಂದಿತು.

ಅಧಿಕಾರಿಣಿಯ ಬೆರಳು ನಡುವಿನ ಸಾಲಿನಲ್ಲಿ ನಿಂತಿತು. ಅಲ್ಲೊಂದು ಕೆಂಪು.

"ಇದು?"

ಬಾಟಲಕ್ಕ ಅದರ ಚೀಟಿಯನ್ನು ಅವರತ್ತ ತಿರುಗಿಸಿದಳು. "ನಮ್ಮಣ್ಣನ ಲಾರಿ. ನಾನೇ ಹಿಡಿದುಕೊಟ್ಟೆ, ದಂಡ ಹಾಕಿದ್ರು. ಆರು ವರ್ಷ ಆಯ್ತು, ನಮ್ಮನೆ ಮೆಟ್ಟಿಲು ಹತ್ತಿಲ್ಲ."

ಅಧಿಕಾರಿಣಿ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ದುಭಾಷಿ ಮೆಲ್ಲಗೆ ಹೇಳಿದ: "ಇದೊಂದು ಇಲ್ದಿದ್ರೆ ಉಳಿದದ್ದನ್ನ ನಂಬ್ತಿರಲಿಲ್ಲ ಅಂತಾರೆ."

ನಲವತ್ತು ಬಾಟಲಿ ಪ್ರಯೋಗಾಲಯಕ್ಕೆ ಹೋದವು. ಎರಡು ತಿಂಗಳಲ್ಲಿ ದೂರು ಬಿದ್ದುಹೋಯಿತು.

ಮರುವಾರ ಗೇಟಿಗೊಂದು ಹಳೇ ಲಾರಿ ಬಂತು. ಅಣ್ಣ ಕೆಳಗಿಳಿದು, ಬೇರೆಲ್ಲೋ ನೋಡುತ್ತಾ ಕೇಳಿದ: "ನನ್ನ ಕಳ್ಳತನಾನೇ ನಿಮ್ಮನ್ನ ಉಳಿಸ್ತಂತೆ?"

"ಮೊದಲು ಮುಚ್ಚಳ ತೆಗಿಯಣ್ಣ" ಎಂದಳು.

ಎಳೆದಳು. ಬೆಳಕಿಗೆ ಹಿಡಿದಳು. ಹಳದಿ.