ಸರಿಯದ ಚುಕ್ಕಿ

ಶಿವಾಜಿನಗರದ ಬಸ್ಸುಗಳಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದ ಮುನೀಂದ್ರ, ನಿವೃತ್ತರಾದ ಮೇಲೆ ಒಂದು ಚಿಕ್ಕ ದೂರದರ್ಶಕ ಕೊಂಡರು. ರಾಮಮೂರ್ತಿ ನಗರದ ಮನೆಯ ತಾರಸಿಯಲ್ಲಿ ಅದರ ಬಾಯಿಗೆ ಸೌರ ಫಿಲ್ಟರ್ ತೊಡಿಸಿ, ದಿನವೂ ಬೆಳಿಗ್ಗೆ ಸೂರ್ಯನ ಮೇಲಿನ ಕಲೆಗಳನ್ನು ನೋಡಿ ನೋಟ್‌ಬುಕ್ಕಿನಲ್ಲಿ ಬಿಡಿಸಿಕೊಳ್ಳುತ್ತಿದ್ದರು. ಸೂರ್ಯ ತಿರುಗಿದಂತೆ ಕಲೆಗಳೂ ದಿನದಿನಕ್ಕೆ ಜರುಗುವುದನ್ನು ಕಾಣುವುದೇ ಅವರಿಗೆ ಖುಷಿ.

ಕಳೆದ ಫೆಬ್ರವರಿಯಲ್ಲಿ ಒಂದು ಚುಕ್ಕಿ ಮೂರು ದಿನವಾದರೂ ಜರುಗಲಿಲ್ಲ. ದೂರದರ್ಶಕವನ್ನು ಆಚೀಚೆ ಮಾಡಿದರೆ ಸೂರ್ಯ ಸರಿಯುತ್ತಿದ್ದ, ಚುಕ್ಕಿ ಮಾತ್ರ ಅಲ್ಲೇ ಇರುತ್ತಿತ್ತು. ಬಿಸಿಲು ತನ್ನ ಕಣ್ಣನ್ನೇ ಸುಟ್ಟಿರಬೇಕು ಎಂದುಕೊಂಡರು ಮುನೀಂದ್ರ. ಹೆಂಡತಿ ಸುಕನ್ಯ ಮೊದಲಿನಿಂದಲೂ ಬೇಡವೆನ್ನುತ್ತಿದ್ದಳು. ಅದಕ್ಕೇ ಬಾಯಿಬಿಡಲಿಲ್ಲ.

ನಾಲ್ಕನೆಯ ದಿನ ಆಕೆಯೇ ತಾರಸಿಗೆ ಬಂದಳು. "ಏನಾಯ್ತು ರೀ? ಮೂರು ದಿನದಿಂದ ಮಂಕಾಗಿದ್ದೀರ."

ಮುನೀಂದ್ರ ಎಲ್ಲವನ್ನೂ ಹೇಳಿಬಿಟ್ಟರು. ಸುಕನ್ಯ ಬೈಯಲಿಲ್ಲ. ಸೆರಗು ಸಿಕ್ಕಿಸಿಕೊಂಡು, ಮೊದಲ ಸಲ ದೂರದರ್ಶಕಕ್ಕೆ ಕಣ್ಣಿಟ್ಟಳು.

"ಎಡಗಡೆ ಕರೀ ಚುಕ್ಕಿ ತಾನೇ? ನಂಗೂ ಕಾಣ್ತಿದೆ."

ಮುನೀಂದ್ರರಿಗೆ ಹೋದ ಜೀವ ಬಂದಂತಾಯಿತು. ಕಣ್ಣಿಡುವ ಕಡೆಯ ಮಸೂರವನ್ನು ಮೆಲ್ಲಗೆ ತಿರುಗಿಸಲು ಹೇಳಿದರು. ಅದರ ಜೊತೆಗೆ ಚುಕ್ಕಿಯೂ ತಿರುಗಿತು. ಮಸೂರವನ್ನು ಬಿಚ್ಚಿ ನೋಡಿದರೆ ಅಂಟಿಕೊಂಡಿದ್ದದ್ದು ಒಂದು ಧೂಳಿನ ಕಣ.

"ಇಷ್ಟಕ್ಕೆ ಮೂರು ದಿನ ಒಳಗೊಳಗೇ ಕೊರಗಿದ್ರಾ?" ಎಂದಳು ಸುಕನ್ಯ.

ಮುನೀಂದ್ರ ನಕ್ಕುಬಿಟ್ಟರು. ಮಸೂರ ಒರೆಸಿದ ಮೇಲೆ ಸೂರ್ಯನ ಅಂಚಿನಲ್ಲಿ ಎರಡು ಹೊಸ ಕಲೆಗಳು ಕಂಡವು. ಇಬ್ಬರೂ ಬಿಸಿಲೇರುವವರೆಗೆ ಸರದಿಯಲ್ಲಿ ನೋಡಿದರು.